ಮೊರಿಯೊಕಾದ ಮೂರನೆಯ ನೂಡಲ್ಸ್

ಜಪಾನಿನಲ್ಲಿ ಊರುಗಳಿಗೆ ಎರಡೆರಡು ಹೆಸರು. ಒಂದು ನಕ್ಷೆಯಲ್ಲಿರುವುದು, ಇನ್ನೊಂದು ಅಲ್ಲಿ ಸಿಗುವ ತಿನಿಸಿನದು. ಉತ್ಸುನೊಮಿಯಾಕ್ಕೆ ಹೊರಟೆ ಎಂದರೆ ಕಚೇರಿಯವರು ಗ್ಯೋಜಾ (ಹೂರಣ ತುಂಬಿದ ಕಡುಬು) ತಿಂದು ಬನ್ನಿ ಎನ್ನುತ್ತಾರೆ, ತಕಾಮಾತ್ಸು ಎಂದರೆ ಉದೋನ್ (ದಪ್ಪ ಗೋಧಿ ನೂಡಲ್ಸ್) ಎನ್ನುತ್ತಾರೆ. ಇವಾತೆ ಪ್ರಾಂತ್ಯದ ರಾಜಧಾನಿ ಮೊರಿಯೊಕಾದ ಮಾತೆತ್ತಿದರೆ ಮಾತ್ರ ಒಂದು ಹೆಸರು ಸಾಲದು. ಆ ಊರಿನವರು ‘ನಮ್ಮ ಮೂರು ನೂಡಲ್ಸ್’ ಎಂದು ಹೆಮ್ಮೆಯಿಂದ ಎಣಿಸುತ್ತಾರೆ: ಪುಟ್ಟ ಬಟ್ಟಲುಗಳಲ್ಲಿ ಮತ್ತೆ ಮತ್ತೆ ಬಡಿಸುವ ವಾಂಕೊ ಸೊಬಾ, ರೇಮೆನ್, ಜಾಜಾಮೆನ್. ಈ ಮೂರನೆಯದಕ್ಕೆ ಹೆಸರಾದ ಪೈರೋನ್ ಎಂಬ ಹಳೆಯ ಹೋಟೆಲಿಗೆ ಹೋಗಿಬಂದೆ. ಈ ಸಂಚಿಕೆಯ ಸಂಪಾದಕೀಯವನ್ನು ಅದಕ್ಕೇ ಮೀಸಲಿಡುತ್ತಿದ್ದೇನೆ. ಊಟ ರುಚಿಯಾಗಿತ್ತು ಎನ್ನುವುದಷ್ಟೇ ಕಾರಣವಲ್ಲ. ಜಪಾನಿನಲ್ಲಿರುವ ನಮ್ಮ ಕನ್ನಡಿಗರ ಸಂಘದಲ್ಲಿ ಪ್ರತಿ ಹಬ್ಬದ ಊಟದ ನಂತರವೂ ಏಳುವ ಒಂದು ವಾದಕ್ಕೆ ನನ್ನ ಉತ್ತರ ಆ ಹೋಟೆಲಿನಲ್ಲಿ ಸಿಕ್ಕಿತು.

ಮೊದಲು ಹೋಟೆಲಿನ ವಿಷಯ. ಮೊರಿಯೊಕಾ ಕೋಟೆಯಲ್ಲಿ ಈಗ ಉಳಿದಿರುವುದು ಮುಖ್ಯವಾಗಿ ಕಲ್ಲಿನ ಗೋಡೆಗಳು. ಅದರ ಮಗ್ಗುಲಿನಲ್ಲಿ ಸಕುರಾಯಾಮಾ ದೇವಸ್ಥಾನ, ದೇವಸ್ಥಾನದ ಮುಂದಿನ ಬೀದಿಯಲ್ಲಿ ಒತ್ತೊತ್ತಾಗಿ ನಿಂತ ಸಣ್ಣ ಸಣ್ಣ ಅಂಗಡಿಗಳು. ಪೈರೋನ್ ಅವುಗಳಲ್ಲಿ ಒಂದು. ಪ್ರಾಂತ್ಯದ ಸರ್ಕಾರಿ ಕಚೇರಿಗಳು ಕೂಗಳತೆಯಲ್ಲೇ ಇವೆ, ಹಾಗಾಗಿ ಮಧ್ಯಾಹ್ನ ಸರದಿ ನಿಲ್ಲಬೇಕು. ಒಳಗೆ ಜಾಗ ಕಡಿಮೆ. ಪಕ್ಕದವರ ಮೊಣಕೈ ತಾಗುವಷ್ಟು ಹತ್ತಿರ ಕೂರಬೇಕು. ಆಯ್ಕೆಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಬಂದವರೆಲ್ಲ ಜಾಜಾಮೆನ್ನಿಗೇ ಬಂದವರು. ಸಣ್ಣದೋ, ಮಧ್ಯಮವೋ, ದೊಡ್ಡದೋ ಎಂದು ಹೇಳಿದರೆ ಸಾಕು.

ಹೇಳಿದ ಮೇಲೆ ಕಾಯಬೇಕು. ನೂಡಲ್ಸ್ ದಪ್ಪ, ಚಪ್ಪಟೆ, ಬೇಯಲು ಹೊತ್ತು ಹಿಡಿಯುತ್ತದೆ. ಬೆಂದ ಬಿಸಿ ನೂಡಲ್ಸನ್ನು ಅಗಲವಾದ ಬಟ್ಟಲಿಗೆ ಹಾಕಿ, ಮೇಲೆ ಸಣ್ಣಗೆ ಹೆಚ್ಚಿದ ಸೌತೆಕಾಯಿ, ಈರುಳ್ಳಿ ಸೊಪ್ಪು, ನಡುವೆ ಒಂದು ಮುದ್ದೆ ಕಡುಕಂದು ಮಿಸೊ (ಸೋಯಾ ಕಾಳನ್ನು ಹುದುಗಿಸಿ ಮಾಡಿದ್ದು), ಬದಿಯಲ್ಲಿ ಶುಂಠಿ ಇಟ್ಟು ಮುಂದಿಡುತ್ತಾರೆ. ಮಿಸೊ ಎಂದರೆ ಬರೀ ಮಿಸೊ ಅಲ್ಲ. ಕೊಚ್ಚಿದ ಮಾಂಸ, ಎಳ್ಳು ಮುಂತಾದವನ್ನು ಸೇರಿಸಿ ಹುರಿದದ್ದು. ಸಸ್ಯಾಹಾರಿ ಸದಸ್ಯರು ಇಲ್ಲಿಗೇ ಓದು ನಿಲ್ಲಿಸಬೇಡಿ, ನಿಮಗೂ ಹೇಳುವುದಿದೆ. ಆದರೆ ಈ ಹೋಟೆಲಿನ ಬಾಗಿಲಿನವರೆಗೆ ಹೋಗಿ ನಿರಾಶರಾಗಬೇಡಿ ಎಂದು ಮೊದಲೇ ತಿಳಿಸುವುದು ನನ್ನ ಕರ್ತವ್ಯ.

ಬಟ್ಟಲು ಬಂದ ಮೇಲೆ ಕೆಲಸ ನಮ್ಮದು. ಮೇಜಿನ ಮೇಲೆ ವಿನೆಗರ್, ಮೆಣಸಿನಕಾಯಿ ಎಣ್ಣೆ, ಅರೆದ ಬೆಳ್ಳುಳ್ಳಿ ಇವೆ. ಒಂದು ಬುಟ್ಟಿಯಲ್ಲಿ ಹಸಿ ಮೊಟ್ಟೆಗಳಿವೆ. ಮೊದಲು ತಳದಿಂದ ಮೇಲಕ್ಕೆ ಚೆನ್ನಾಗಿ ಕಲಸಬೇಕು, ಬಿಳಿ ನೂಡಲ್ಸ್ ಒಂದೂ ಕಾಣದ ಹಾಗೆ. ಆಮೇಲೆ ರುಚಿ ನೋಡಿ, ಬೇಕಾದ್ದನ್ನು ಹಾಕಿಕೊಂಡು, ಮತ್ತೆ ಕಲಸಬೇಕು. ಮೊದಲ ಸಲ ತಿಂದವರಿಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ, ಮೂರು ಸಲವಾದರೂ ತಿಂದರೇ ಇದರ ರುಚಿ ಗೊತ್ತಾಗುವುದು ಎಂದು ಊರಿನವರೇ ಹೇಳುತ್ತಾರೆ. ನನ್ನ ಮಟ್ಟಿಗೆ ಬೆಳ್ಳುಳ್ಳಿಯೂ ಖಾರದ ಎಣ್ಣೆಯೂ ಬಿದ್ದ ಗಳಿಗೆಯಲ್ಲೇ ನಾಲಿಗೆ ಒಲಿಯಿತು. ಅನ್ನವನ್ನು ಕೈಯಾರೆ ಕಲಸಿ ಬೆಳೆದ ನಾವು ಕಲಸುವುದನ್ನು ಯಾರಿಂದಲೂ ಕಲಿಯಬೇಕಾಗಿಲ್ಲ.

ಎಲ್ಲವನ್ನೂ ತಿಂದುಬಿಡಬಾರದು. ಬಟ್ಟಲಿನ ತಳದಲ್ಲಿ ಸ್ವಲ್ಪ ನೂಡಲ್ಸ್, ಸ್ವಲ್ಪ ಮಿಸೊ ಉಳಿಸಬೇಕು. ಬುಟ್ಟಿಯಿಂದ ಒಂದು ಮೊಟ್ಟೆ ತೆಗೆದು, ಅದೇ ಬಟ್ಟಲಿಗೆ ಒಡೆದು ಹಾಕಿ, ಚಾಪ್‌ಸ್ಟಿಕ್‌ನಿಂದ ಚೆನ್ನಾಗಿ ಕಡೆದು, ‘ಚೀತಾನ್’ ಎಂದು ಹೇಳಿ ಬಟ್ಟಲನ್ನು ಒಲೆಯ ಮುಂದಿರುವವರ ಕೈಗೆ ಕೊಡಬೇಕು. ಅವರು ನೂಡಲ್ಸ್ ಬೇಯಿಸಿದ ಕುದಿನೀರನ್ನು ಅದಕ್ಕೆ ಸುರಿದು, ಇನ್ನಷ್ಟು ಮಿಸೊ ಹಾಕಿ ವಾಪಸು ಕೊಡುತ್ತಾರೆ. ಮೊಟ್ಟೆ ಎಳೆಎಳೆಯಾಗಿ ಬೆಂದು ತಿಳಿಹಳದಿ ಬಣ್ಣದ ಸಾರಾಗಿರುತ್ತದೆ. ಉಪ್ಪು, ಕಾಳುಮೆಣಸಿನ ಪುಡಿ ಹಾಕಿಕೊಂಡು ಬಿಸಿಬಿಸಿಯಾಗಿ ಕುಡಿಯಬೇಕು. ನೂಡಲ್ಸ್ ಬಸಿದ ನೀರು ವ್ಯರ್ಥವಾಗುವುದಿಲ್ಲ, ಬಟ್ಟಲಿಗೆ ಅಂಟಿದ ಮಿಸೊ ವ್ಯರ್ಥವಾಗುವುದಿಲ್ಲ. ಬಡತನದ ಕಾಲದಲ್ಲಿ ಬೆಳೆದ ಅಡುಗೆಯ ಈ ಶಿಸ್ತು ನನಗೆ ಬಹಳ ಮೆಚ್ಚುಗೆಯಾಯಿತು.

ಆ ಕಾಲದ ಬಗ್ಗೆ ಎರಡು ಮಾತು ಹೇಳದೆ ಈ ಬಟ್ಟಲು ಅರ್ಥವಾಗುವುದಿಲ್ಲ. ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾವನ್ನು ಕಿತ್ತುಕೊಂಡ ಜಪಾನ್ 1932ರಲ್ಲಿ ಅಲ್ಲಿ ಮಂಚುಕುವೊ ಎಂಬ ಕೈಗೊಂಬೆ ರಾಜ್ಯವನ್ನು ಕಟ್ಟಿತು. ಲಕ್ಷಗಟ್ಟಲೆ ಜಪಾನೀಯರು ಅಲ್ಲಿಗೆ ಹೋಗಿ ನೆಲೆಸಿದರು, ಹಲವೆಡೆ ಅಲ್ಲಿನ ರೈತರು ಕಳೆದುಕೊಂಡ ನೆಲದಲ್ಲೇ. 1945ರಲ್ಲಿ ಎಲ್ಲ ಕುಸಿಯಿತು. 1946ರ ಮೇ ತಿಂಗಳಿನಿಂದ ಹುಲುದಾವೊ ಬಂದರಿನ ಮೂಲಕ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಹಡಗು ಹತ್ತಿ ಬರಿಗೈಯಲ್ಲಿ ಊರಿಗೆ ಮರಳಿದರು. ಹಾಗೆ ಬಂದವರ ಬಳಿ ಇದ್ದ ಆಸ್ತಿ ಎಂದರೆ ಅಲ್ಲಿ ತಿಂದದ್ದರ ನೆನಪು. ಜಪಾನಿನ ಮನೆಮನೆಯಲ್ಲಿ ಇಂದು ಬೇಯುವ ಗ್ಯೋಜಾ ಹೀಗೆ ಹರಡಿದ್ದೇ. ಪೈರೋನ್ ಹೋಟೆಲನ್ನು ಆರಂಭಿಸಿದ ತಕಾಶಿನಾ ಕಾನ್ಶೋ ಅವರೂ ಮಂಚೂರಿಯಾದಲ್ಲಿ ಇದ್ದು ಬಂದವರು. ಅಲ್ಲಿ ತಿಂದ ಝಾಜಿಯಾಂಗ್‌ಮಿಯಾನನ್ನು, ಅಂದರೆ ಹುರಿದ ಸೋಯಾ ಮುದ್ದೆ ಹಾಕಿದ ಚೀನೀ ನೂಡಲ್ಸನ್ನು, ಮೊರಿಯೊಕಾದಲ್ಲಿ ಮಾಡಲು ಹೊರಟಾಗ ಚೀನಾದ ಆ ಸೋಯಾ ಮುದ್ದೆ, ಆ ನೂಡಲ್ಸ್ ಎಲ್ಲಿಂದ ಬರಬೇಕು? ಇಲ್ಲಿನ ಗೋಧಿ ಹಿಟ್ಟು, ಇಲ್ಲಿನ ಮಿಸೊ ತೆಗೆದುಕೊಂಡರು. ತಳ್ಳುಗಾಡಿಯಲ್ಲಿ ಮಾರಲು ಶುರುಮಾಡಿದರು. ತಿಂದವರು ಹೇಳಿದ್ದನ್ನು ಕೇಳಿ, ಮೊರಿಯೊಕಾದ ನಾಲಿಗೆಗೆ ಒಗ್ಗುವ ತನಕ ತಿದ್ದಿದರು. ಇಂದು ಬೀಜಿಂಗಿನವರೊಬ್ಬರು ಬಂದು ಈ ಬಟ್ಟಲನ್ನು ನೋಡಿದರೆ ತಮ್ಮದೆಂದು ಗುರುತು ಹಿಡಿಯುವುದು ಕಷ್ಟ. ಮೊರಿಯೊಕಾದವರಿಗಂತೂ ಇದು ಅಪ್ಪಟ ತಮ್ಮದೇ.

ರೇಮೆನ್ನಿನ ಕಥೆಯೂ ಇದೇ ಜಾಡಿನದು. ಈಗಿನ ಉತ್ತರ ಕೊರಿಯಾದ ಹಂಹುಂಗ್ ನಗರದಲ್ಲಿ ಹುಟ್ಟಿದ ಒಬ್ಬರು 1954ರಲ್ಲಿ ಮೊರಿಯೊಕಾದಲ್ಲಿ ಹೋಟೆಲು ತೆರೆದು, ತಣ್ಣನೆಯ ಸಾರಿನಲ್ಲಿ ಬಿಗಿಯಾದ ನೂಡಲ್ಸ್ ಬಡಿಸಿದರು. ರಬ್ಬರ್ ಜಗಿದ ಹಾಗಿದೆ ಎಂದು ಜನ ಮೂಗು ಮುರಿದರು. ಅವರು ಬಿಡಲಿಲ್ಲ. ಈಗ ಮೊರಿಯೊಕಾ ರೇಮೆನ್ ಎಂಬ ಹೆಸರಿನಲ್ಲಿ ಅದು ದೇಶದ ಸೂಪರ್ ಮಾರ್ಕೆಟ್‌ಗಳಲ್ಲಿ ಪೊಟ್ಟಣವಾಗಿ ಸಿಗುತ್ತದೆ. ಅಂದರೆ ಊರು ಮೆರೆಸುವ ಮೂರು ನೂಡಲ್ಸ್‌ನಲ್ಲಿ ಎರಡು, ಎಲ್ಲವನ್ನೂ ಕಳೆದುಕೊಂಡು ಮರಳಿದವರೊಬ್ಬರು ಮತ್ತು ಹುಟ್ಟಿದ ಊರು ಬಿಟ್ಟು ಬಂದವರೊಬ್ಬರು ಕೊಟ್ಟವು.

ಇನ್ನು ನಮ್ಮ ವಾದಕ್ಕೆ ಬರುತ್ತೇನೆ. ಯುಗಾದಿಯ ಊಟವಿರಲಿ, ರಾಜ್ಯೋತ್ಸವದ ಊಟವಿರಲಿ, ಕೈ ತೊಳೆಯುವ ಹೊತ್ತಿಗೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ಚೆನ್ನಾಗಿತ್ತು, ಆದರೆ ಅಸಲಿ ಬಿಸಿಬೇಳೆಬಾತ್ ಅಲ್ಲ.’ ಜಪಾನಿನ ಅಂಟು ಅಕ್ಕಿಯಲ್ಲಿ ಮಾಡಿದ್ದು, ನುಗ್ಗೆಕಾಯಿ ಸಿಗದೆ ಇಲ್ಲಿಯ ಮೂಲಂಗಿ ಹಾಕಿದ್ದು, ಒಬ್ಬಟ್ಟಿಗೆ ಬೆಲ್ಲದ ಬದಲು ಓಕಿನಾವಾದ ಕಪ್ಪು ಸಕ್ಕರೆ ಬಳಸಿದ್ದು, ಇವೆಲ್ಲ ಅಪರಾಧಗಳ ಪಟ್ಟಿಯಂತೆ ಹೊರಬರುತ್ತವೆ. ಹೇಳುವವರ ಮನಸ್ಸು ನನಗೆ ಗೊತ್ತು, ಅದು ಊರಿನ ಹಂಬಲ. ಆದರೆ ಬೆಳಗಿನ ನಾಲ್ಕಕ್ಕೆ ಎದ್ದು ಎಲ್ಲರಿಗೂ ಬೇಯಿಸಿದವರ ಮುಖ ಆಗ ಹೇಗಾಗುತ್ತದೆ ಎಂಬುದನ್ನೂ ನಾನು ನೋಡಿದ್ದೇನೆ. ಈ ಮಾತನ್ನು ನಿಲ್ಲಿಸಬೇಕೆಂದು ಸಂಪಾದಕನಾಗಿ ಕೇಳಿಕೊಳ್ಳುತ್ತೇನೆ. ಸಿಕ್ಕಿದ ಸಾಮಾನಿನಲ್ಲಿ, ನೆನಪಿನಿಂದ, ಎದುರಿಗಿರುವವರ ಬಾಯಿರುಚಿ ನೋಡಿ ಮಾಡಿದ ಅಡುಗೆ ನಕಲು ಅಡುಗೆಯಲ್ಲ. ನಮ್ಮ ದಾವಣಗೆರೆಯ ಬೆಣ್ಣೆದೋಸೆಯನ್ನೇ ನೋಡಿ. ಅದರ ಮೊದಲ ಹೆಂಚು ಇಟ್ಟ ಚೆನ್ನಮ್ಮ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದವರು. ದೋಸೆಗೆ ಅಂಟಿಕೊಂಡದ್ದು ಮಾತ್ರ ದಾವಣಗೆರೆಯ ಹೆಸರು. ಓಕಿನಾವಾ ಸಕ್ಕರೆಯ ಒಬ್ಬಟ್ಟು ನಮ್ಮ ಮಕ್ಕಳಿಗೆ ಹಬ್ಬದ ರುಚಿಯಾಗಿ ನಾಲಿಗೆಯ ಮೇಲೆ ಆಗಲೇ ಕೂತಿದೆ. ಅದನ್ನು ಕಡಿಮೆ ಎಂದು ಅವರೆದುರು ಹೇಳುವ ಹಕ್ಕು ನಮಗಿಲ್ಲ.

ಹಾಗೆಂದು ಏನು ಮಾಡಿದರೂ ನಡೆಯುತ್ತದೆ ಎಂದಲ್ಲ. ತಕಾಶಿನಾ ಅವರು ಗಿರಾಕಿಗಳ ಮಾತು ಕೇಳಿದರು, ಕೇಳಿ ತಿದ್ದಿದರು. ಉಪ್ಪು ಕಡಿಮೆಯಾಗಿದ್ದರೆ ಹೇಳಿ, ಬೇಳೆ ಬೆಂದಿಲ್ಲದಿದ್ದರೆ ಹೇಳಿ. ಅಡುಗೆ ತಂಡದವರಿಗೆ ಅದರಿಂದ ಉಪಕಾರವೇ ಆಗುತ್ತದೆ.

ಮೊರಿಯೊಕಾ ಇರುವ ಈಶಾನ್ಯ ಜಪಾನಿನ ಟೋಹೊಕು ಕಡೆಗೆ ಪ್ರವಾಸ ಹೊರಡುವವರಿಗೆ ಕೆಲವು ವಿವರಗಳು. ಟೋಕಿಯೊದಿಂದ ಹಾಯಾಬುಸಾ ಶಿಂಕಾನ್‌ಸೆನ್ ರೈಲು ಎರಡು ಗಂಟೆ ಮತ್ತು ಸ್ವಲ್ಪ ಹೊತ್ತಿನಲ್ಲಿ ಮೊರಿಯೊಕಾ ತಲುಪಿಸುತ್ತದೆ. 2023ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆ ವರ್ಷ ನೋಡಬೇಕಾದ ಊರುಗಳ ಪಟ್ಟಿಯಲ್ಲಿ ಲಂಡನ್ನಿನ ಬೆನ್ನಿಗೇ ಮೊರಿಯೊಕಾವನ್ನು ಇಟ್ಟಾಗಿನಿಂದ ಊರಿನ ಹೆಸರು ಹೊರಗೂ ಕೇಳಿಬರುತ್ತಿದೆ. ನಿಲ್ದಾಣದಿಂದ ಕೋಟೆಯ ಕಡೆಗೆ ನಡೆದೇ ಹೋಗಿ. ದಾರಿಯಲ್ಲಿ ಕಿತಾಕಾಮಿ ನದಿಯ ಮೇಲೆ ಕೈಯುನ್ ಸೇತುವೆ ಸಿಗುತ್ತದೆ. ಆಕಾಶ ತಿಳಿಯಾಗಿದ್ದರೆ 2,038 ಮೀಟರ್ ಎತ್ತರದ ಇವಾತೆ ಪರ್ವತ ಅಲ್ಲಿಂದ ಇಡಿಯಾಗಿ ಕಾಣುತ್ತದೆ. ಅದಕ್ಕೆ ಎರಡು ಸಲ ಅಳುವ ಸೇತುವೆ ಎಂಬ ಅಡ್ಡಹೆಸರೂ ಇದೆ. ವರ್ಗವಾಗಿ ಬಂದವರು ಇಷ್ಟು ದೂರ ಬಂದೆವಲ್ಲ ಎಂದು ಮೊದಲು ಅಳುತ್ತಾರಂತೆ, ವರ್ಗವಾಗಿ ಹೋಗುವಾಗ ಬಿಟ್ಟುಹೋಗಬೇಕಲ್ಲ ಎಂದು ಮತ್ತೆ ಅಳುತ್ತಾರಂತೆ. ನಮ್ಮಲ್ಲಿ ಎಷ್ಟೋ ಮಂದಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋಟೆಲಿಗೆ ಹೋಗುವ ಮೊದಲೋ ನಂತರವೋ, ಹತ್ತಿರದ ನ್ಯಾಯಾಲಯದ ಆವರಣದಲ್ಲಿ ಬಂಡೆಯನ್ನು ಸೀಳಿ ಬೆಳೆದ ಶತಮಾನಗಳಷ್ಟು ಹಳೆಯ ಚೆರ್ರಿ ಮರವನ್ನು ನೋಡಲು ಮರೆಯಬೇಡಿ.

ಸಸ್ಯಾಹಾರಿಗಳಿಗೆ ಹೇಳುವುದಿದೆ ಎಂದಿದ್ದೆ. ಈ ಬಟ್ಟಲನ್ನು ಮನೆಯಲ್ಲಿ ಮಾಡಿಕೊಳ್ಳಬಹುದು. ಮಾಂಸದ ಬದಲು ಸಣ್ಣಗೆ ಕೊಚ್ಚಿದ ಶಿಯಿತಾಕೆ ಅಣಬೆಯನ್ನು ಎಳ್ಳೆಣ್ಣೆಯಲ್ಲಿ ಹುರಿದು, ಕೆಂಪು ಮಿಸೊ, ಚೂರು ಸಕ್ಕರೆ, ಅರೆದ ಎಳ್ಳು ಸೇರಿಸಿ ಗಟ್ಟಿಯಾಗುವವರೆಗೆ ಮಗುಚಿ, ದಪ್ಪ ಉದೋನ್ ಮೇಲೆ ಹಾಕಿ. ಮಿಸೊ ಕೊಳ್ಳುವಾಗ ಮೀನಿನ ಸಾರ ಬೆರೆಸದ ಪೊಟ್ಟಣವನ್ನು ನೋಡಿ ಆರಿಸಿ. ಮೊಟ್ಟೆ ತಿನ್ನದವರು ಕೊನೆಯ ಸಾರನ್ನು ಬರೀ ಬಸಿದ ನೀರು, ಮಿಸೊ, ಕಾಳುಮೆಣಸಿನಲ್ಲಿ ಮಾಡಿದರೂ ಒಳ್ಳೆಯದೇ ಆಗುತ್ತದೆ.

ಮುಂದಿನ ಸಂಚಿಕೆಯಿಂದ ಇದಕ್ಕೆಂದೇ ಒಂದು ಪುಟ ತೆಗೆದಿಟ್ಟಿದ್ದೇವೆ. ನೀವಿರುವ ಊರಿನಲ್ಲಿ ಒಂದೇ ತಿನಿಸಿಗೆ ಹೆಸರಾದ ಹಳೆಯ ಹೋಟೆಲು ಇದ್ದರೆ, ಅಲ್ಲಿಗೆ ಹೋಗಿ, ತಿಂದು, ಒಲೆಯ ಮುಂದಿರುವವರನ್ನು ಮಾತನಾಡಿಸಿ ಬರೆದು ಕಳುಹಿಸಿ. ನಗೋಯಾ, ಹಿರೋಶಿಮಾ, ಫುಕುವೊಕಾದ ಸದಸ್ಯರ ಬರಹಗಳನ್ನು ವಿಶೇಷವಾಗಿ ಎದುರು ನೋಡುತ್ತಿದ್ದೇನೆ. ಹಬ್ಬದ ಅಡುಗೆಯಲ್ಲಿ ಊರಿನ ಸಾಮಾನಿನ ಬದಲು ಇಲ್ಲಿಯದನ್ನು ಬಳಸಿ ಗೆದ್ದವರು ಆ ಅಡುಗೆಯ ವಿಧಾನವನ್ನೂ ಜೊತೆಗೆ ಕಳುಹಿಸಿದರೆ ಅದಕ್ಕೂ ಆ ಪುಟದಲ್ಲಿ ಜಾಗವಿದೆ.