ಭಾನುವಾರದ ಸ್ಟಾರ್ಟಿಂಗ್ ಇನ್ನು ತಿಂಗಳಿಗೊಮ್ಮೆ

ಮೈಸೂರು

ಆತ್ಮೀಯ ಗ್ರಾಹಕರೇ, ನಮಸ್ಕಾರ.

ನಮ್ಮ ಶೆಡ್ಡಿನಲ್ಲಿ ಪ್ರತಿ ಭಾನುವಾರ ಬೆಳಗ್ಗೆ 11 ಗಂಟೆಗೆ ಹಳೆಯ ಬೈಕು, ಕಾರುಗಳನ್ನು ಸ್ಟಾರ್ಟ್ ಮಾಡಿ ತೋರಿಸುತ್ತಿದ್ದೆವು. ಮುಂದಿನ ತಿಂಗಳಿನಿಂದ ಇದು ಮೊದಲ ಭಾನುವಾರ ಮಾತ್ರ. ಜುಲೈನಲ್ಲಿ ಎರಡನೇ ಭಾನುವಾರ ಇಟ್ಟುಕೊಂಡಿದ್ದೇವೆ. ಅಂದು ಜಾವಾ-ಯೆಜ್ಡಿ ಬೈಕುಗಳ ದಿನ, ಊರಿನ ಆ ಗಾಡಿಗಳೆಲ್ಲ ರಸ್ತೆಗಿಳಿದಾಗ ನಮ್ಮವು ಮಾತ್ರ ಸುಮ್ಮನೆ ನಿಂತಿರುವುದನ್ನು ನೋಡಲು ನಮ್ಮಿಂದ ಆಗದು. ಟಿಕೆಟ್ ದರವಾಗಲಿ, ಬಾಗಿಲು ತೆರೆಯುವ ಸಮಯವಾಗಲಿ ಬದಲಾಗಿಲ್ಲ.

ಈ ಪತ್ರ ಬರೆಯಲು ಮನಸ್ಸು ಬಹಳ ಹಿಂದೆಮುಂದೆ ನೋಡಿತು. ನಿಮ್ಮಲ್ಲಿ ಅನೇಕರು ಬರುವುದೇ ಆ ಸದ್ದು ಕೇಳಲು. 1961ರಿಂದ ಯಾದವಗಿರಿಯ ಕಾರ್ಖಾನೆಯಲ್ಲಿ ಜಾವಾ ತಯಾರಾಯಿತು, 1973ರಲ್ಲಿ ಅದರ ಹೆಸರು ಯೆಜ್ಡಿಯಾಯಿತು, 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ನಮ್ಮ ಪೈಕಿ ಇಬ್ಬರು ಅಲ್ಲಿ ದುಡಿದವರು. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿ ಕಿಕ್ಕರ್ ಮಾಡಿಕೊಂಡು ಒದೆಯುವಾಗ ಮಕ್ಕಳು ಬಾಯಿಬಿಟ್ಟು ನೋಡುತ್ತಾರೆ. ಒಂದೇ ಸಿಲಿಂಡರಿನಿಂದ ಹೊರಟ ಎರಡು ಸೈಲೆನ್ಸರ್‌ಗಳಿಂದ ಹೊಗೆ ಬಂದೊಡನೆ ಹಿಂದೆ ನಿಂತ ಅಜ್ಜಂದಿರು "ಇದೇ, ಇದೇ ವಾಸನೆ" ಎನ್ನುತ್ತಾರೆ. ಇದನ್ನು ಕಡಿಮೆ ಮಾಡುವುದು ನಮಗೇನೂ ಸಲೀಸಲ್ಲ.

ಕಾರಣ ಪೆಟ್ರೋಲು.

ಕಳೆದ ಮಳೆಗಾಲದಲ್ಲಿ ನಮ್ಮ 250 ಸಿ.ಸಿ. ಜಾವಾ ಒಂದು ಭಾನುವಾರ ಎಂದಿನಂತೆ ಎರಡನೇ ಕಿಕ್ಕಿಗೇ ಹತ್ತಿಕೊಂಡಿತು. ಎರಡು ನಿಮಿಷ ಚೆನ್ನಾಗಿಯೇ ಓಡಿತು. ಸ್ವಲ್ಪ ರೇಸ್ ಕೊಟ್ಟದ್ದೇ ತಡ, ಕಿರ್ರೆಂದು ನಿಂತುಬಿಟ್ಟಿತು. ಹೆಡ್ಡು, ಸಿಲಿಂಡರ್ ಬಿಚ್ಚಿದರೆ ಪಿಸ್ಟನ್ನಿನ ಮೈಮೇಲೆ ಉಗುರಿನಿಂದ ಪರಚಿದಂಥ ಗೀರುಗಳು. ಟ್ಯಾಂಕಿನಲ್ಲಿದ್ದುದನ್ನು ಗಾಜಿನ ಬಾಟಲಿಗೆ ಇಳಿಸಿ ಕಿಟಕಿಯ ಬಳಿ ಇಟ್ಟೆವು. ಮೇಲೆ ಆಯಿಲ್ ಬಣ್ಣದ ಪೆಟ್ರೋಲು, ತಳದಲ್ಲಿ ಎರಡು ಬೆರಳಷ್ಟು ಮಂಕಾದ ನೀರಿನಂಥ ದ್ರವ, ನಡುವೆ ಗೆರೆ ಎಳೆದ ಹಾಗೆ ಸ್ಪಷ್ಟವಾದ ಅಂಚು.

ಇ20 ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಇರುತ್ತದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇದಕ್ಕೆ ಚಾಲನೆ ಸಿಕ್ಕಿತು. ಈಗ ನಾವು ಹೋಗುವ ಬಂಕುಗಳಲ್ಲೆಲ್ಲ ಸಿಗುವುದು ಇದೇ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿಮೀರಿದರೆ ಎರಡೂ ಸೇರಿ ಪೆಟ್ರೋಲನ್ನು ಬಿಟ್ಟು ತಳಕ್ಕಿಳಿಯುತ್ತವೆ. ನಮ್ಮ ಜಾವಾದಂಥ ಟೂ ಸ್ಟ್ರೋಕ್ ಎಂಜಿನ್ನಿನ ಪಿಸ್ಟನ್ನಿಗೆ ಬೇರೆ ಆಯಿಲ್ ವ್ಯವಸ್ಥೆ ಇಲ್ಲ, ಪೆಟ್ರೋಲಿಗೆ ಬೆರೆಸಿದ್ದೇ ಅದಕ್ಕೆ ಜೀವ. ನಾವು ಲೀಟರಿಗೆ 40 ಎಂ.ಎಲ್. ಬೆರೆಸುತ್ತೇವೆ. ಆದರೆ ಆ ಆಯಿಲ್ ಮೇಲಿನ ಪದರದಲ್ಲೇ ಉಳಿದು, ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರಿಗೆ ತಳದ ನೀರು ಹೋದರೆ ಪಿಸ್ಟನ್ ಒಣಗಿ ಓಡುತ್ತದೆ. ನಮ್ಮ ತಪ್ಪೂ ಇದೆ: ಗಾಡಿ ಸೋರುವ ಮೂಲೆಯಲ್ಲಿ ನಿಂತಿತ್ತು, ಟ್ಯಾಂಕಿನ ಮುಚ್ಚಳದ ವಾಷರ್ ಬಿರುಕು ಬಿಟ್ಟಿದ್ದನ್ನು ನಾವು ನೋಡಿರಲಿಲ್ಲ.

ಕಬ್ಬು, ಮೆಕ್ಕೆಜೋಳ ಬೆಳೆದ ರೈತನಿಗೆ ಎಥನಾಲಿನಿಂದ ನಾಲ್ಕು ಕಾಸು ಸಿಕ್ಕರೆ ನಮಗೂ ಸಂತೋಷವೇ, ಪಕ್ಕದಲ್ಲೇ ಮಂಡ್ಯ ಇದೆ. ಇ20ಗೆಂದೇ ಮಾಡಿದ ಹೊಸ ಗಾಡಿಗಳಿಗೆ ತೊಂದರೆಯಿಲ್ಲ. ಹಳೆಯ ಗಾಡಿಗಳ ರಬ್ಬರ್ ಪೈಪು, ವಾಷರುಗಳು ಮಾತ್ರ ಇದಕ್ಕೆಂದು ಮಾಡಿದವಲ್ಲ, ಊದಿಕೊಳ್ಳುತ್ತವೆ, ಮೆತ್ತಗಾಗುತ್ತವೆ. ನಮ್ಮಲ್ಲಿನ ಅತಿ ಹಳೆಯ ಕಾರಿನ ಪೆಟ್ರೋಲ್ ಗೇಜಿನಲ್ಲಿ ಕಾರ್ಕಿನ ಫ್ಲೋಟ್ ಇದೆ. ಪೆಟ್ರೋಲ್ ಕುಡಿದು ಮುಳುಗದಿರಲೆಂದು ಅದಕ್ಕೆ ಅರಗಿನ ಲೇಪ ಕೊಟ್ಟಿದ್ದಾರೆ. ಚನ್ನಪಟ್ಟಣದ ಗೊಂಬೆಗೆ ಮೆರುಗು ಕೊಡುವುದೂ ಅರಗೇ. ಅರಗು ಪೆಟ್ರೋಲಿಗೆ ಜಗ್ಗುವುದಿಲ್ಲ, ಸ್ಪಿರಿಟ್ಟಿಗೆ ಕರಗುತ್ತದೆ. ಬಡಗಿಗಳು ಪಾಲಿಶ್ ಕಲಸುವುದೇ ಹಾಗೆ. ಎಥನಾಲ್ ಎಂದರೆ ಸ್ಪಿರಿಟ್ಟೇ ತಾನೇ. ಅಷ್ಟು ವರ್ಷ ತೇಲಿದ ಆ ಫ್ಲೋಟ್ ಈಗ ಅಂಟಂಟಾಗಿ ನಮ್ಮ ಮೇಜಿನ ಮೇಲೆ ಕುಳಿತಿದೆ.

ಹಾಗಾಗಿ ಇನ್ನು ಟ್ಯಾಂಕುಗಳಲ್ಲಿ ಪೆಟ್ರೋಲ್ ಬಿಡುವುದಿಲ್ಲ. ಸ್ಟಾರ್ಟ್ ಮಾಡುವ ದಿನ ಬೆಳಗ್ಗೆ ಹೊಸದಾಗಿ ತಂದು, ಒಂದೊಂದಕ್ಕೆ ಬೇಕಾದಷ್ಟೇ ಹಾಕಿ, ಮುಗಿದ ಮೇಲೆ ಟ್ಯಾಂಕನ್ನೂ ಕಾರ್ಬುರೇಟರಿನ ಬಟ್ಟಲನ್ನೂ ಬಸಿದು ಒರೆಸಿಡುತ್ತೇವೆ. ಅಷ್ಟೂ ಗಾಡಿಗಳಿಗೆ ಇದನ್ನು ವಾರವಾರ ಮಾಡಲು ಐದು ಜನರ ಕೈ ಸಾಲದು. ಹಾಗೆಂದು ಎಂಜಿನ್‌ಗಳನ್ನು ತುಕ್ಕು ಹಿಡಿಯಲು ಬಿಡುವುದಿಲ್ಲ. ಉಳಿದ ವಾರಗಳಲ್ಲಿ ಪ್ಲಗ್ ಬಿಚ್ಚಿ, ನಾಲ್ಕು ಹನಿ ಆಯಿಲ್ ಬಿಟ್ಟು, ಕೈಯಲ್ಲೇ ತಿರುಗಿಸುತ್ತೇವೆ.

ಆ ಭಾನುವಾರಗಳಲ್ಲೂ 11 ಗಂಟೆಗೆ ಬನ್ನಿ. ಒಂದು ಕಾರ್ಬುರೇಟರನ್ನು ನಿಮ್ಮೆದುರೇ ಬಿಚ್ಚಿ ಜೋಡಿಸುತ್ತೇವೆ, ಅದರೊಳಗೆ ಪೆಟ್ರೋಲ್ ಹಾಯುವ ಜೆಟ್ಟಿನ ಸೂಜಿಯಷ್ಟು ಸಣ್ಣ ತೂತನ್ನು ಮಕ್ಕಳು ಬೆಳಕಿಗೆ ಹಿಡಿದು ನೋಡಬಹುದು. ಮನೆಯಲ್ಲಿ ಯೆಜ್ಡಿ ರೋಡ್‌ಕಿಂಗ್ ಬೈಕು ಇಟ್ಟುಕೊಂಡವರು ಅದರ ಪೆಟ್ರೋಲನ್ನು ಸ್ವಲ್ಪ ತಂದರೆ ಪರೀಕ್ಷಿಸಿ ತೋರಿಸುತ್ತೇವೆ. ಅಳತೆಯ ಗಾಜಿನ ಕೊಳವೆಗೆ 10 ಎಂ.ಎಲ್. ನೀರು, 90 ಎಂ.ಎಲ್. ಪೆಟ್ರೋಲು ಹಾಕಿ ಕುಲುಕಿ ಇಟ್ಟರೆ, ಎಥನಾಲ್ ನೀರಿನೊಡನೆ ಸೇರಿ ತಳದ ಮಟ್ಟ ಏರುವುದು ಕಣ್ಣಿಗೇ ಕಾಣುತ್ತದೆ.

ವರ್ಷದ ಪಾಸ್ ಮಾಡಿಸಿದವರು ಅದನ್ನು ಪ್ರತಿ ವಾರದ ಸ್ಟಾರ್ಟಿಂಗ್ ನಂಬಿ ಕೊಂಡಿದ್ದೀರಿ. ಆ ಮಾತು ನಮ್ಮಿಂದ ತಪ್ಪುತ್ತಿದೆ, ಕ್ಷಮಿಸಿ. ನಿಮ್ಮ ಪಾಸ್ ಇನ್ನೂ ಆರು ತಿಂಗಳು ನಡೆಯುತ್ತದೆ. ಬೇಡವೆನ್ನುವವರಿಗೆ ಉಳಿದ ತಿಂಗಳುಗಳ ಹಣ ವಾಪಸ್ ಕೊಡುತ್ತೇವೆ, ಕೌಂಟರಿನಲ್ಲಿ ಕೇಳಿದರೆ ಸಾಕು. ತಮ್ಮ ಗಾಡಿಗಳನ್ನು ನಮ್ಮಲ್ಲಿ ನಿಲ್ಲಿಸಿರುವವರು ಟ್ಯಾಂಕ್ ಬಸಿಯಲು ಒಪ್ಪಿಗೆ ಕೊಡಬೇಕಾಗಿ ವಿನಂತಿ. ಅದಕ್ಕೆ ಪ್ರತ್ಯೇಕ ಹಣವಿಲ್ಲ.

ಪರಚಿದ ಆ ಜಾವಾದ ಸಿಲಿಂಡರನ್ನು ಕೊರೆದು ನುಣುಪು ಮಾಡುವ ಬೋರಿಂಗ್ ಮುಗಿದಿದೆ, ಕೊಂಚ ದೊಡ್ಡದಾದ ಓವರ್‌ಸೈಜ್ ಪಿಸ್ಟನ್ ಕೂತಿದೆ. ಮುಂದಿನ ತಿಂಗಳ ಮೊದಲ ಭಾನುವಾರ ಮೊದಲ ಕಿಕ್ ಅದಕ್ಕೇ.

ಇಂತಿ ನಿಮ್ಮ,
ಶೆಡ್ಡಿನ ಐವರು