ನಿಯೋಬಿಯಂ ಫಿಲ್ಮ್‌ಗೆ ಇನ್ನು ಟ್ಯಾಂಟಲಮ್ ಹೊದಿಕೆ: ಗ್ರಾಹಕರಿಗೆ ಪತ್ರ

ಧಾರವಾಡ

ಮಾನ್ಯ ಗ್ರಾಹಕರೇ, ನಮಸ್ಕಾರ.

ಕ್ವಾಂಟಮ್ ಚಿಪ್‌ಗೆಂದು ನೀವು ತರಿಸುವ 200 ನ್ಯಾನೋಮೀಟರ್ ದಪ್ಪದ ನಿಯೋಬಿಯಂ ಲೋಹದ ಫಿಲ್ಮ್‌ಗಳನ್ನು (ತೆಳು ಪದರಗಳನ್ನು) ಮುಂದಿನ ಸರಕಿನಿಂದ ಬರಿಮೈಯಲ್ಲಿ ಕಳಿಸುವುದಿಲ್ಲ. ಮೇಲೆ 10 ನ್ಯಾನೋಮೀಟರ್ ಟ್ಯಾಂಟಲಮ್ ಲೋಹದ ಹೊದಿಕೆ ಇರುತ್ತದೆ. ದರ ಹಳೆಯದೇ. ನಿಮ್ಮ ಎಚಿಂಗ್ (ವಿನ್ಯಾಸಕ್ಕೆ ತಕ್ಕಂತೆ ಲೋಹ ಕೊರೆದು ತೆಗೆಯುವುದು) ಮತ್ತು ಕ್ಲೀನಿಂಗ್ ಮಾತ್ರ ಬದಲಾಗಬೇಕು, ಅದಕ್ಕೇ ಈ ಪತ್ರ.

ಬರಿ ನಿಯೋಬಿಯಂ ಗಾಳಿಗೆ ಬಂದರೆ ಸುಮಾರು 5 ನ್ಯಾನೋಮೀಟರ್ ಆಕ್ಸೈಡ್ ಕಟ್ಟಿಕೊಳ್ಳುತ್ತದೆ. ಆ ಪದರದೊಳಗಿನ ದೋಷಗಳು ಕ್ಯೂಬಿಟ್‌ನ (ಕ್ವಾಂಟಮ್ ಚಿಪ್‌ನಲ್ಲಿ ಮಾಹಿತಿ ಹಿಡಿಯುವ ಮೂಲ ಘಟಕದ) ಮೈಕ್ರೋವೇವ್ ಶಕ್ತಿಯನ್ನು ಹೀರುತ್ತವೆ. ಹೆಚ್ಚು ಪವರ್ ಕೊಟ್ಟು ಅಳೆದರೆ ಈ ನಷ್ಟ ಮರೆಯಾಗಿರುತ್ತದೆ. ಒಂದೇ ಫೋಟಾನ್ (ಶಕ್ತಿಯ ಒಂದು ಕಣ) ಮಟ್ಟಕ್ಕೆ ಇಳಿದಾಗಲೇ ಬಯಲಾಗುವುದು. ರೋಧದ ಪರೀಕ್ಷೆಯಲ್ಲಿ ಚೆನ್ನಾಗಿದ್ದ ಫಿಲ್ಮ್ ಕ್ಯೂಬಿಟ್‌ನಲ್ಲಿ ಕೈಕೊಡುವುದು ಹೀಗೆ. ಟ್ಯಾಂಟಲಮ್‌ಗೂ ಆಕ್ಸೈಡ್ ಬರುತ್ತದೆ, ಆದರೆ ತೆಳು, ನಷ್ಟವೂ ಕಡಿಮೆ. 2024ರಲ್ಲಿ ಅಮೆರಿಕದ ಫರ್ಮಿಲ್ಯಾಬ್ ಭೌತವಿಜ್ಞಾನ ಪ್ರಯೋಗಾಲಯದ ನೇತೃತ್ವದ ತಂಡ ಪ್ರಕಟಿಸಿದ ಅಳತೆಗಳಲ್ಲಿ, ಹೊದಿಕೆ ಹಾಕಿದ ನಿಯೋಬಿಯಂ ಕ್ಯೂಬಿಟ್‌ಗಳ ಆಯುಷ್ಯದ (ಶಕ್ತಿ ಹಿಡಿದಿಡುವ ಅವಧಿಯ) ಮಧ್ಯಕ 300 ಮೈಕ್ರೋಸೆಕೆಂಡ್ ದಾಟಿತ್ತು. ಚಿನ್ನವೂ ಒಳ್ಳೆಯ ಹೊದಿಕೆಯೇ, ಆದರೆ ಫ್ಲೋರಿನ್ ಪ್ಲಾಸ್ಮಾಗೆ ಅದು ಜಗ್ಗುವುದಿಲ್ಲ. ನಿಮಗೆ ಎಚಿಂಗ್ ಕಷ್ಟವಾಗುತ್ತದೆ.

ಎರಡೂ ಲೋಹ ಒಂದೇ ನಿರ್ವಾತದಲ್ಲಿ, ಚೇಂಬರ್ ತೆರೆಯದೆ ಕೂರಬೇಕು. ನಡುವೆ ಗಾಳಿ ನುಗ್ಗಿದರೆ ಆಕ್ಸೈಡ್ ಟ್ಯಾಂಟಲಮ್ ಅಡಿಯಲ್ಲಿ ಹೂತುಹೋಗುತ್ತದೆ, ಆಮೇಲೆ ಯಾವ ಆಮ್ಲಕ್ಕೂ ಸಿಗುವುದಿಲ್ಲ. ಮೇಲಾಗಿ ಶುದ್ಧ ನಿಯೋಬಿಯಂ ಮೇಲೆ ಬೇಕಾದ ಆಲ್ಫಾ ಎಂಬ ಸ್ಫಟಿಕ ರೂಪದ ಟ್ಯಾಂಟಲಮ್ ಬೆಳೆಯುತ್ತದೆ, ಅದು ಸುಮಾರು 4.4 ಕೆಲ್ವಿನ್‌ನಲ್ಲಿ ಅತಿವಾಹಕ (ರೋಧವಿಲ್ಲದೆ ವಿದ್ಯುತ್ ಹರಿಸುತ್ತದೆ). ಆಕ್ಸೈಡ್ ಮೇಲಾದರೆ ಬೀಟಾ ಎಂಬ ಇನ್ನೊಂದು ರೂಪ ಆಗುವ ಭಯ. ಅದು 1 ಕೆಲ್ವಿನ್‌ಗೂ ಕೆಳಗೆ ಇಳಿದ ಮೇಲೆ ಅತಿವಾಹಕ. ಎಕ್ಸ್-ರೇ ತಪಾಸಣೆಯಲ್ಲಿ ಆಲ್ಫಾದ ಶಿಖರ (ಎಕ್ಸ್-ರೇ ಹೆಚ್ಚು ಚದುರುವ ಕೋನ) 38.5 ಡಿಗ್ರಿ ಹತ್ತಿರ, ನಿಯೋಬಿಯಂ ಶಿಖರದ ಬೆನ್ನಿಗೇ ಅಡಗಿರುತ್ತದೆ. ಆದ್ದರಿಂದ ತೆಳು ನಿಯೋಬಿಯಂ ಮೇಲೆ ದಪ್ಪ ಟ್ಯಾಂಟಲಮ್ ಹಾಕಿದ ಸಾಕ್ಷಿ ತುಣುಕು ಬೇರೆ ಮಾಡಿ, 33.7 ಡಿಗ್ರಿ ಬಳಿ ಬೀಟಾ ಇಲ್ಲವೆಂದು ನೋಡುತ್ತೇವೆ. ಲೇಪನದ ನಡುವೆ ಕರೆಂಟ್ ಹೋಗಿ ಪಂಪ್ ನಿಂತರೆ ಆ ವೇಫರ್ (ಫಿಲ್ಮ್ ಕೂತ ಬಿಲ್ಲೆ) ನಿಮಗೆ ಬರುವುದಿಲ್ಲ.

ಈಗ ನಿಮ್ಮ ಕಡೆಯ ಕೆಲಸ. ಹಳೆಯ ಎಚಿಂಗ್ ಸಮಯವನ್ನೇ ನಂಬಬೇಡಿ, ಮೊದಲು ಒಂದು ತುಣುಕಿನ ಮೇಲೆ ನೋಡಿ. ಕತ್ತರಿಸಿದ ಅಂಚಿನಲ್ಲಿ ನಿಯೋಬಿಯಂ ಬಯಲಾಗಿಯೇ ಇರುತ್ತದೆ, ಅಲ್ಲಿಗೆ ಈ ಹೊದಿಕೆ ಕಾವಲಲ್ಲ. ಕ್ಯೂಬಿಟ್‌ನ ಜಂಕ್ಷನ್‌ಗೆ (ಎರಡು ಅತಿವಾಹಕಗಳ ನಡುವಿನ ಸಂಧಿಗೆ) ಅಲ್ಯೂಮಿನಿಯಂ ಹಾಕುವ ಮುನ್ನ ಆರ್ಗಾನ್ ಮಿಲ್ಲಿಂಗ್‌ನಿಂದ (ಆರ್ಗಾನ್ ಅಯಾನುಗಳಿಂದ ಮೇಲ್ಮೈ ಕೆರೆಯುವುದು) 2–3 ನ್ಯಾನೋಮೀಟರ್ ತೆಗೆದರೆ ಆಕ್ಸೈಡ್ ಹೋಗುತ್ತದೆ. 10 ದಾಟಿದರೆ ಹೊದಿಕೆಯೇ ಹೋಯಿತು. ರೆಸಿಸ್ಟ್ (ಎಚಿಂಗ್ ವೇಳೆ ಮರೆಯಾಗಿ ಹಚ್ಚಿದ ಪದರ) ತೆಗೆಯಲು ಜೋರಾದ ಆಕ್ಸಿಜನ್ ಪ್ಲಾಸ್ಮಾ ಬೇಡ, ಆಕ್ಸೈಡ್ ದಪ್ಪವಾಗುತ್ತದೆ. ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಬಹಳ ಹೊತ್ತು ಬಿಟ್ಟರೆ ಹೈಡ್ರೋಜನ್ ಲೋಹದೊಳಗೆ ಇಳಿಯುತ್ತದೆ, ತಂಪು ಮಾಡಿದಾಗ ನಿಯೋಬಿಯಂ ಹೈಡ್ರೈಡ್ ಚುಕ್ಕೆಗಳಾಗುತ್ತವೆ.

ಮಳೆಗಾಲದಲ್ಲಿ ಧಾರವಾಡದ ಗಾಳಿ ಎಷ್ಟು ಹಸಿ ಎಂಬುದು ನಿಮಗೆ ಗೊತ್ತೇ ಇದೆ. ವೇಫರ್‌ಗಳನ್ನು ನೈಟ್ರೋಜನ್ ತುಂಬಿದ ಚೀಲದಲ್ಲಿ, ಸಿಲಿಕಾ ಜೆಲ್ ಇಟ್ಟು ಕಳಿಸುತ್ತೇವೆ. ಕೋಣೆಗೆ ಒಯ್ದ ತಕ್ಷಣ ಬಿಚ್ಚಬೇಡಿ, ಚೀಲ ಕೋಣೆಯ ಉಷ್ಣಾಂಶಕ್ಕೆ ಬರಲಿ. ಒಂದೇ ಚೀಲದ ವೇಫರ್‌ಗಳನ್ನು ಬೇರೆ ಬೇರೆ ದಿನ ತೆಗೆಯುವ ರೂಢಿ ಇದ್ದರೆ ಮೊದಲೇ ತಿಳಿಸಿ, ಒಂದೊಂದನ್ನೂ ಬೇರೆ ಬೇರೆ ಕಟ್ಟಿಕೊಡುತ್ತೇವೆ. ಈಗಾಗಲೇ ಬರಿಮೈ ಫಿಲ್ಮ್‌ಗೆ ಆರ್ಡರ್ ಕೊಟ್ಟು, ಹೋಲಿಕೆಗಾಗಿ ಅದೇ ಬೇಕೆನ್ನುವವರಿಗೆ ಅದನ್ನೇ ಕಳಿಸುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಲೇಪನ ವಿಭಾಗ