ಮರಳುಗಾಡು ತೋರಿಸಿದವರಿಗೆ

ಮೊನ್ನೆ ಭಾನುವಾರ ‘ಲಾರೆನ್ಸ್ ಆಫ್ ಅರೇಬಿಯಾ’ ನೋಡಿದೆ. ಪೂರ್ತಿ, ನನ್ನದೇ ಕಣ್ಣಲ್ಲಿ. ಮೊದಲ ಮಹಾಯುದ್ಧದಲ್ಲಿ ಅರಬರ ಜೊತೆ ಸೇರಿ ತುರ್ಕರ ವಿರುದ್ಧ ಹೋರಾಡಿದ ಇಂಗ್ಲಿಷ್ ಅಧಿಕಾರಿ ಲಾರೆನ್ಸ್‌ನ ಕಥೆ, ಸುಮಾರು ಮೂರು ಮುಕ್ಕಾಲು ಗಂಟೆಯ ಚಿತ್ರ. ಕಣ್ಣಿಗೆ ಡ್ರಾಪ್ಸ್ ಹಾಕಿಕೊಳ್ಳಲು ಎದ್ದಿದ್ದು ಬಿಟ್ಟರೆ ಕೂತಲ್ಲೇ ಕೂತಿದ್ದೆ. ಇನ್ನು ಪರವಾಗಿಲ್ಲ, ಸಿನಿಮಾ ನೋಡಬಹುದು ಅಂತ ಡಾಕ್ಟರು ಹೇಳಿದ ಮೇಲೆ ನೋಡಿದ ಮೊದಲ ಸಿನಿಮಾ ಇದು. ನಡುವೆ ನನ್ನ ಕಣ್ಣಿಗೆ ಏನೇನಾಯಿತು ಅನ್ನೋದು ನಿಮಗೆಲ್ಲ ಗೊತ್ತು. ಮತ್ತೆ ಹೇಳಿ ಬೇಜಾರು ಮಾಡುವುದಿಲ್ಲ. ಥ್ಯಾಂಕ್ಸ್ ಹೇಳುವುದು ಮಾತ್ರ ಬಾಕಿ ಇದೆ.

ಡಾಕ್ಟರಿಗೆ, ರಾತ್ರಿ ಪಾಳಿಯ ಸಿಸ್ಟರುಗಳಿಗೆ, ನನ್ನ ಕೆಲಸ ಹಂಚಿಕೊಂಡ ಆಫೀಸಿನವರಿಗೆ, ತಿಳಿಸಾರು ಕಳಿಸುತ್ತಲೇ ಇದ್ದ ಎದುರುಮನೆಯವರಿಗೆ, ಫೋನ್ ಮಾಡಿ ಸುಮ್ನೆ ಕ್ರಿಕೆಟ್ ಸ್ಕೋರ್ ಹೇಳುತ್ತಿದ್ದ ಗೆಳೆಯರಿಗೆ, ಎಲ್ಲರಿಗೂ ದೊಡ್ಡ ನಮಸ್ಕಾರ. ಹೆಂಡತಿಗೆ ಹೀಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ. ಅದು ಮನೆಯಲ್ಲೇ ಆಯಿತು.

ಇನ್ನು ಉಳಿದವನು ಅಕ್ಕನ ಮಗ.

ಆ ರಾತ್ರಿ ಮನೆಯಲ್ಲಿ ಇದ್ದವನು ಅವನೊಬ್ಬನೇ. ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದಳು. ಕಣ್ಣಿನ ಚಿಕಿತ್ಸೆ ಆದ ಮೇಲೆ ನಾನು ಮುಖ ಕೆಳಗೆ ಹಾಕಿ ಮಲಗಿರಬೇಕಿತ್ತು, ತಲೆ ಎತ್ತುವ ಹಾಗಿರಲಿಲ್ಲ. ಹತ್ತೂವರೆ ಹೊತ್ತಿಗೆ ಚೆನ್ನಾಗಿದ್ದ ಇನ್ನೊಂದು ಕಣ್ಣಲ್ಲೂ ಮಿಂಚು ಹೊಡೆದ ಹಾಗಾಯಿತು. ಫೋನ್ ಮಾಡಿದರೆ, ಬೆಳಗ್ಗೆ ಮೊದಲು ನಿಮ್ಮನ್ನೇ ನೋಡುತ್ತೇವೆ, ಅಲ್ಲಿವರೆಗೆ ಅಲುಗಾಡಬೇಡಿ ಅಂದರು. ಬೆಳಗ್ಗೆ ಅಂದರೆ ಎಷ್ಟು ದೂರ ಅಂತ ನನಗೆ ಆವತ್ತು ಗೊತ್ತಾಯಿತು. ಎರಡೂ ಕಣ್ಣು ಹೋದರೆ ಏನು ಗತಿ ಅಂತ ಯೋಚಿಸುತ್ತಾ ದಿಂಬಿಗೆ ಮುಖ ಒತ್ತಿ ಅತ್ತೆ. ಇಪ್ಪತ್ತೈದರ ಹುಡುಗನ ಮುಂದೆ ಅತ್ತೆನಲ್ಲ ಅಂತ ನಾಚಿಕೆಯಾಗಿ ಇನ್ನೂ ಜಾಸ್ತಿ ಅತ್ತೆ.

ಅವನು ಸಮಾಧಾನ ಹೇಳಲಿಲ್ಲ. ಸರಿಹೋಗುತ್ತೆ ಮಾಮ ಅಂತಲೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾಮ, ನೀವು ಯಾವಾಗಲೂ ಹೇಳ್ತಿರ್ತೀರಲ್ಲ ಆ ಒಂಟೆ ಸಿನಿಮಾ, ಹಾಕ್ತೀನಿ. ನೀವು ಕೇಳಿ, ನಾನು ನೋಡಿ ಹೇಳ್ತೀನಿ” ಅಂದ. ಹಳೇ ಸಿನಿಮಾ ಅಂದರೆ ಹತ್ತು ನಿಮಿಷಕ್ಕೆ ಆಕಳಿಸುವ ಹುಡುಗ ಇವನು.

ಶುರುವಿನಲ್ಲಿ ನಾಲ್ಕು ನಿಮಿಷಕ್ಕೂ ಜಾಸ್ತಿ ಬರೀ ಸಂಗೀತ. ಪರದೆ ಪೂರ್ತಿ ಕಪ್ಪು. ಲ್ಯಾಪ್‌ಟಾಪ್ ಕೆಟ್ಟಿದೆ ಅಂದುಕೊಂಡು ಅವನು ಕೀಲಿ ಕುಟ್ಟುತ್ತಿದ್ದ. ಇಲ್ಲ ಕಣೋ, ಅದು ಹಾಗೇ ಇರೋದು, ಥಿಯೇಟರಿಗೆ ಜನ ಬಂದು ಕೂರಲಿ ಅಂತ ಹಾಕಿದ್ದು ಅಂದೆ. ಅಷ್ಟು ಹೊತ್ತು ಅವನಿಗೂ ಏನೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಮೊರಿಸ್ ಜಾರ್ ಅವರಿಗೆ ಮೊದಲ ಥ್ಯಾಂಕ್ಸ್ ಅಲ್ಲೇ ಸಂದಿತು. ಸುಮಾರು ಎರಡು ಗಂಟೆಯ ಸಂಗೀತ ಬರೆಯಲು ಆ ಫ್ರೆಂಚ್ ಮನುಷ್ಯನಿಗೆ ಸಿಕ್ಕಿದ್ದು ಬರೀ ಆರು ವಾರ.

ಆಮೇಲೆ ಶುರುವಾಯಿತು ಇವನ ಕಾಮೆಂಟರಿ. ಲಾರೆನ್ಸ್ ಬೆಂಕಿಕಡ್ಡಿ ಹಿಡಿದು ನಿಂತಿದ್ದಾನೆ ಮಾಮ. ಊದಿದ. “ಅಯ್ಯೋ!” ಅಂತ ನಿಲ್ಲಿಸಿದ. ಏನಾಯ್ತೋ ಅಂದರೆ, “ಇದನ್ನ ಹೇಳಕ್ಕೆ ಆಗಲ್ಲ ಮಾಮ. ಕಡ್ಡಿ ಹೋಯ್ತು, ಮರಳುಗಾಡು ಬಂತು. ಸೂರ್ಯ ಇನ್ನೂ ಹುಟ್ಟಿಲ್ಲ, ಹುಟ್ಟೋದ್ರಲ್ಲಿದ್ದಾನೆ” ಅಂದ. ಹಿಂದಕ್ಕೆ ಓಡಿಸಿ ಮತ್ತೆ ನೋಡಿದ. ಮೊದಲು ಅಲ್ಲಿ ಒಂದು ಚಿತ್ರ ಕರಗಿ ಇನ್ನೊಂದು ಮೂಡಬೇಕು ಅಂತಿತ್ತು. ನೇರವಾಗಿ ಜೋಡಿಸಿದ್ದನ್ನು ನೋಡಿದ ಮೇಲೆ ಕರಗಿಸುವುದೇ ಬೇಡ ಅನ್ನಿಸಿತು. ಸಂಕಲನ ಮಾಡಿದ ಆ್ಯನ್ ಕೋಟ್ಸ್ ಅದರಿಂದ ಇನ್ನೆರಡು ಫ್ರೇಮ್ ತೆಗೆದರು, ಅಷ್ಟೇ. ಎರಡು ಫ್ರೇಮ್ ಅಂದರೆ ಒಂದು ಸೆಕೆಂಡಿನ ಹನ್ನೆರಡನೇ ಒಂದು ಪಾಲು. ಅದನ್ನು ಇವನಿಗೆ ಹೇಳುವ ಹೊತ್ತಿಗೆ ನನ್ನ ಅಳು ನಿಂತಿತ್ತು. ಗಮನಿಸಿದ್ದು ಆಮೇಲೆ.

ಬಾವಿಯ ದೃಶ್ಯ ಬಂತು. ಅದನ್ನು ನೀವು ನೋಡಿರುತ್ತೀರಿ. ಲಾರೆನ್ಸ್ ಮತ್ತು ಅವನ ದಾರಿ ತೋರಿಸುವವನು ನೀರಿನ ಹತ್ತಿರ ಇದ್ದಾರೆ. ದೂರದಿಂದ ಯಾರೋ ಬರುತ್ತಿದ್ದಾರೆ. ಅದರಲ್ಲಿ ಮಾತು ಒಂದೆರಡೇ, ಸಂಗೀತವಿಲ್ಲ. ನನಗೆ ಕೇಳಿಸಿದ್ದು ಇವನ ದನಿ ಮಾತ್ರ.

“ಏನೂ ಇಲ್ಲ ಮಾಮ.”

ಸ್ವಲ್ಪ ಹೊತ್ತು.

“ಇನ್ನೂ ಏನೂ ಇಲ್ಲ. ಕಾದ ಕಾವಲಿ ಮೇಲೆ ಗಾಳಿ ಅಲ್ಲಾಡುತ್ತಲ್ಲ, ಹಾಗೆ ಅಲ್ಲಾಡ್ತಿದೆ. ಒಂದು ಚುಕ್ಕೆ. ಚುಕ್ಕೆನೋ, ಸ್ಕ್ರೀನ್ ಮೇಲಿನ ಧೂಳೋ ಗೊತ್ತಾಗ್ತಿಲ್ಲ. ಇಲ್ಲ, ಅಲ್ಲಾಡ್ತಿದೆ. ಮನುಷ್ಯ. ಒಂಟೆ ಮೇಲಿದ್ದಾನೆ. ನೀರಿನ ಮೇಲೆ ಬಂದ ಹಾಗೆ ಬರ್ತಿದ್ದಾನೆ, ಆದ್ರೆ ನೀರಿಲ್ಲ.”

ಇಷ್ಟು ಚೆನ್ನಾಗಿ ಹೇಳಲು ಇವನಿಗೆ ಯಾರು ಕಲಿಸಿದರೋ ಗೊತ್ತಿಲ್ಲ. ಆ ಚುಕ್ಕೆ ಓಮರ್ ಷರೀಫ್. ಈಜಿಪ್ಟಿನಲ್ಲಿ ದೊಡ್ಡ ಹೆಸರು, ಹೊರಗಿನ ಬಹಳಷ್ಟು ಜನ ಅವರನ್ನು ಮೊದಲು ನೋಡಿದ್ದು ಹೀಗೆ. ಜೋರ್ಡನ್ನಿನ ಜಫರ್ ಬಯಲಲ್ಲಿ ಅವರನ್ನು ಬಹಳ ದೂರ ಕಳಿಸಿ, ಕ್ಯಾಮೆರಾ ಕಡೆಗೆ ಬರುವಂತೆ ಹೇಳಿದ್ದರು. ಛಾಯಾಗ್ರಾಹಕ ಫ್ರೆಡ್ಡಿ ಯಂಗ್ ಬಹಳ ಉದ್ದದ ಟೆಲಿಫೋಟೋ ಲೆನ್ಸ್ ಇಟ್ಟುಕೊಂಡು ಕಾದಿದ್ದರು. ನೋಡುವವರ ಕಣ್ಣು ಎಲ್ಲೆಲ್ಲೋ ಹೋಗಬಾರದು ಅಂತ ಕಲಾ ನಿರ್ದೇಶಕ ಜಾನ್ ಬಾಕ್ಸ್ ನೆಲದ ಮೇಲೆ ಗೊತ್ತಾಗದ ಹಾಗೆ ಗೆರೆ ಎಳೆಸಿದ್ದರು. ಅಲ್ಲಿ ಗುಂಡೇಟಿಗೆ ಸಾಯುವ ದಾರಿಗಾರ ಪಾಕಿಸ್ತಾನದ ಜಿಯಾ ಮೊಹಿಯುದ್ದೀನ್. ಪರದೆ ಮೇಲೆ ಇರುವುದು ಸ್ವಲ್ಪವೇ ಹೊತ್ತು. ಮರೆಯಲು ಆಗುವುದಿಲ್ಲ.

ಇವರೆಲ್ಲರಿಗೂ ನನ್ನ ನಮಸ್ಕಾರ ಸಲ್ಲಬೇಕು. ಚಿತ್ರ ಬಂದಿದ್ದು 1962ರಲ್ಲಿ. ಕಂಪ್ಯೂಟರಿನಲ್ಲಿ ಮರಳು ತುಂಬುವ ಕಾಲ ಅಲ್ಲ ಅದು. ಒಂದು ಶಾಟ್ ಸರಿಬರಲಿಲ್ಲ ಅಂದರೆ ಹೆಜ್ಜೆ ಗುರುತೆಲ್ಲ ಗುಡಿಸಿ ಮತ್ತೆ ಶುರು ಮಾಡಬೇಕು. ಬಿಸಿಲಿಗೆ ಫಿಲ್ಮ್ ಕೆಡದ ಹಾಗೆ ತಂಪು ಲಾರಿಯಲ್ಲಿ ಇಡಬೇಕು. ಬಟ್ಟೆಯ ಹೊಣೆ ಹೊತ್ತ ಫಿಲಿಸ್ ಡಾಲ್ಟನ್, ಲಾರೆನ್ಸ್‌ನ ಮನಸ್ಸು ಕೆಡುತ್ತಾ ಹೋದಂತೆ ಅವನ ಬಿಳಿ ನಿಲುವಂಗಿಯ ಬಟ್ಟೆಯನ್ನು ತೆಳು ಮಾಡುತ್ತಾ ಹೋದರು. ಇದನ್ನು ಎಷ್ಟು ಜನ ಗಮನಿಸಿರುತ್ತಾರೆ ಹೇಳಿ? ಏಳು ಆಸ್ಕರ್ ಬಂದವು. ಫಿಲಿಸ್ ಅವರ ಕೆಲಸಕ್ಕೆ ಬರಲಿಲ್ಲ. ಲಾರೆನ್ಸ್ ಆಗಿದ್ದ ಪೀಟರ್ ಒ’ಟೂಲ್ ಅವರಿಗೂ ಬರಲಿಲ್ಲ. ಚಿತ್ರಕಥೆ ಬರೆದ ಇಬ್ಬರಲ್ಲಿ ಮೈಕಲ್ ವಿಲ್ಸನ್ ಹೆಸರನ್ನು ಹಾಕಲೇ ಇಲ್ಲ, ಕಮ್ಯುನಿಸ್ಟರು ಅಂತ ಕೆಲಸ ತಪ್ಪಿಸಿದವರ ಹಾಲಿವುಡ್ಡಿನ ಕಪ್ಪು ಪಟ್ಟಿಯಲ್ಲಿ ಇದ್ದರು ಅಂತ. ಅವರ ಪಾಲು ಒಪ್ಪಿಕೊಂಡಿದ್ದು 1995ರಲ್ಲಿ. ಅಷ್ಟರಲ್ಲಿ ಅವರು ಹೋಗಿ ಎಷ್ಟೋ ವರ್ಷ ಆಗಿತ್ತು. ಒಂಟೆ ಕುದುರೆ ಏರಿ ಬಂದ ಜೋರ್ಡನ್ನಿನ ಸೈನಿಕರು, ಮರಳುಗಾಡಿನ ಬೆದೂಯಿನ್ ಜನ ಅಂತೂ ಯಾವ ಪಟ್ಟಿಯಲ್ಲೂ ಒಬ್ಬೊಬ್ಬರಾಗಿ ಇಲ್ಲ. ಚಿತ್ರದಲ್ಲಿ ಒಪ್ಪದ ಸಂಗತಿಗಳೂ ಇವೆ. ಅರಬ್ ರಾಜಕುಮಾರನ ಪಾತ್ರಕ್ಕೆ ಮುಖಕ್ಕೆ ಬಣ್ಣ ಬಳಿದ ಇಂಗ್ಲಿಷ್ ನಟ, ಮಾತಾಡುವ ಹೆಂಗಸಿನ ಪಾತ್ರ ಒಂದೂ ಇಲ್ಲ. ಇದು ನನಗೆ ಗೊತ್ತು. ಆದರೂ ಆವತ್ತು ರಾತ್ರಿ ನನ್ನ ಜೊತೆ ಇದ್ದದ್ದು ಈ ಚಿತ್ರವೇ.

ಈಗ ಗಾಸಿಮ್ ವಿಷಯ. ಇದನ್ನು ಅಕ್ಕನ ಮಗ ಓದಲಿ ಅಂತಲೇ ಬರೆಯುತ್ತಿದ್ದೇನೆ.

ತುರ್ಕರ ಕೈಲಿದ್ದ ಅಕಾಬಾ ಪಟ್ಟಣ ಹಿಡಿಯಲು ಲಾರೆನ್ಸ್ ಮತ್ತು ಅರಬ್ ಸವಾರರು ನೆಫುದ್ ಮರಳುಗಾಡು ದಾಟುತ್ತಾರೆ. ರಾತ್ರಿ ನಿದ್ದೆಯಲ್ಲಿ ಅವರಲ್ಲೊಬ್ಬನಾದ ಗಾಸಿಮ್ ಒಂಟೆಯಿಂದ ಬಿದ್ದು ಹಿಂದೆ ಉಳಿಯುತ್ತಾನೆ. ಬೆಳಕಾದ ಮೇಲೆ ಬರೀ ಒಂಟೆ ಕಾಣುತ್ತದೆ. ಹಿಂದಕ್ಕೆ ಹೋದರೆ ನೀನೂ ಸಾಯುತ್ತೀ ಅಂತ ಎಲ್ಲರೂ ಹೇಳಿದರೂ ಲಾರೆನ್ಸ್ ಒಬ್ಬನೇ ಹೋಗುತ್ತಾನೆ. ಈ ಗಾಸಿಮ್ ಪಾತ್ರ ಮಾಡಿದ್ದು ನಮ್ಮವರೇ, ಹಿಂದಿ ಚಿತ್ರಗಳ ಐ.ಎಸ್. ಜೋಹರ್. ನಗಿಸುವ ನಟ ಅಂತಲೇ ನಾವು ನೋಡಿದವರು. ಇಲ್ಲಿ ಬಿಸಿಲಲ್ಲಿ ತೂರಾಡುತ್ತಾ, ಮೈಮೇಲಿದ್ದದ್ದನ್ನು ಒಂದೊಂದೇ ಬಿಸಾಕುತ್ತಾ ನಡೆಯುತ್ತಾರೆ.

“ಸೂರ್ಯನ್ನ ತೋರಿಸ್ತಿದ್ದಾರೆ ಮಾಮ. ಮತ್ತೆ ಅವನನ್ನ. ಮತ್ತೆ ಸೂರ್ಯನ್ನ. ಬಿದ್ದ.”

ಆಗ ನನಗೆ ಮತ್ತೆ ಗಂಟಲು ಕಟ್ಟಿತು. ಒಬ್ಬನೇ ಬಿದ್ದಿದ್ದೀನಿ, ಎಲ್ಲರೂ ಮುಂದೆ ಹೋದರು ಅನ್ನೋ ಭಾವನೆ ನನ್ನಲ್ಲಿ ಎಷ್ಟೋ ದಿನದಿಂದ ಇತ್ತು. ಯಾರಿಗೂ ಹೇಳಿರಲಿಲ್ಲ. ಇವನು ನನ್ನ ಬೆನ್ನ ಮೇಲೆ ಕೈ ಇಟ್ಟು, “ಬಂದ ಮಾಮ. ಲಾರೆನ್ಸ್ ಬಂದ. ಹಿಂದೆ ಕೂರಿಸಿಕೊಂಡು ಬರ್ತಿದ್ದಾನೆ” ಅಂದ. ಕೈ ತೆಗೆಯಲಿಲ್ಲ.

ಮುಂದೆ ಏನಾಗುತ್ತೆ ಅಂತ ಚಿತ್ರ ನೋಡಿದವರಿಗೆ ಗೊತ್ತು. ಅಕಾಬಾ ಮೇಲೆ ಬೀಳುವ ಹಿಂದಿನ ರಾತ್ರಿ ಎರಡು ಬುಡಕಟ್ಟುಗಳ ನಡುವೆ ಕೊಲೆಯಾಗುತ್ತದೆ. ಸೇಡಿನ ಜಗಳ ತಪ್ಪಿಸಲು ಕೊಲೆಗಾರನನ್ನು ತಾನೇ ಕೊಲ್ಲುತ್ತೇನೆ ಅಂತ ಲಾರೆನ್ಸ್ ಮುಂದೆ ಬರುತ್ತಾನೆ. ತಲೆ ಎತ್ತಿದವನು ಗಾಸಿಮ್. ತಾನು ಉಳಿಸಿ ತಂದವನನ್ನು ತಾನೇ ಗುಂಡಿಟ್ಟು ಕೊಲ್ಲುತ್ತಾನೆ.

ಅಲ್ಲಿಗೆ ಬಂದಾಗ ಹುಡುಗ ದನಿ ಬಂದ್ ಮಾಡಿದ. “ಮಾಮ, ಇಲ್ಲಿ ಏನೋ ಜಗಳ, ಬೋರು. ಓಡಿಸ್ತೀನಿ” ಅಂದ. ಆಮೇಲೆ ಬಹಳ ಖುಷಿಯಿಂದ, “ಹೊರಟ್ರು ನೋಡಿ, ಎಲ್ಲಾ ಕುದುರೆ, ಒಂಟೆ, ಧೂಳೋ ಧೂಳು, ಕೊನೇಲಿ ಸಮುದ್ರ!” ಅಂತ ಅಕಾಬಾ ದಾಳಿಯನ್ನು ವರ್ಣಿಸಿದ. ನಿಜಕ್ಕೂ ಆ ಪಟ್ಟಣವನ್ನು ಸ್ಪೇನಿನ ಕಡಲ ತೀರದಲ್ಲಿ ಸೆಟ್ ಹಾಕಿ ಕಟ್ಟಿದ್ದು ಅಂತ ನಾನೂ ಹೇಳಿದೆ. ಗಾಸಿಮ್ ಬಗ್ಗೆ ಕೇಳಲಿಲ್ಲ. ಕಾಲೇಜಿನ ದಿನಗಳಿಂದ ನನಗೆ ಆ ದೃಶ್ಯ ಗೊತ್ತು. ಆ ರಾತ್ರಿ ನನಗಾಗಿ ಅವನು ಗಾಸಿಮ್‌ನನ್ನು ಬದುಕಿಸಿ ಇಟ್ಟ. ಲೋ ಹುಡುಗ, ನನಗೆ ಗೊತ್ತಿತ್ತು ಕಣೋ. ಥ್ಯಾಂಕ್ಸ್.

ಎರಡನೇ ಭಾಗಕ್ಕೆ ಬರುವ ಹೊತ್ತಿಗೆ ಅವನ ದನಿ ಒಡೆದಿತ್ತು. ಕಾಫಿ ಮಾಡಿಕೊಂಡು ಬಂದು, ನನಗೆ ಸ್ಟ್ರಾ ಹಾಕಿ ಕೊಟ್ಟ. ಬ್ರಿಟಿಷ್ ಸೇನಾಪತಿ ಜನರಲ್ ಅಲೆನ್‌ಬಿ ಮತ್ತೆ ಬಂದಾಗ, “ಇದೆಲ್ಲ ನಿಜವಾ ಮಾಮ?” ಅಂತ ಕೇಳಿದ. ಅಲೆನ್‌ಬಿ ನಿಜ. ಅವರ ಸೇನೆಯಲ್ಲಿ ನಮ್ಮ ಮೈಸೂರು ಸಂಸ್ಥಾನದ ಕುದುರೆ ದಳ, ಮೈಸೂರು ಲ್ಯಾನ್ಸರ್ಸ್ ಇದ್ದರು ಅನ್ನೋದೂ ನಿಜ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಕುದುರೆ ಮೇಲೆ ಹೋಗಿ ಈಗಿನ ಇಸ್ರೇಲಿನ ಹೈಫಾ ಹಿಡಿದವರು ಅವರು. ಎದುರಿಗಿದ್ದದ್ದು ಮಷಿನ್ ಗನ್. ಚಿತ್ರದಲ್ಲಿ ಅವರ ಸುದ್ದಿ ಇಲ್ಲ. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲೇ ಇದೆ ಅಂದೆ. ಅವನು ಆ ಕಡೆಯಿಂದ ಎಷ್ಟೋ ಸಲ ಓಡಾಡಿದ್ದಾನಂತೆ, ಒಂದು ದಿನವೂ ನಿಂತು ನೋಡಿಲ್ಲ. ಆ ರಾತ್ರಿ ನಾನು ಅವನಿಗೆ ತೋರಿಸಿದ್ದು ಅದೊಂದೇ.

ಬೆಳಗ್ಗೆ ಡಾಕ್ಟರು ನೋಡಿದರು. ಭಯ ಪಟ್ಟಷ್ಟು ಏನೂ ಆಗಿರಲಿಲ್ಲ. ಇವನು ಹೊರಗೆ ಬೆಂಚಿನ ಮೇಲೆ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದನಂತೆ, ಸಿಸ್ಟರ್ ಹೇಳಿದರು.

ಇನ್ನೊಂದು ಗುಂಪಿಗೆ ಥ್ಯಾಂಕ್ಸ್ ಹೇಳದೆ ಮುಗಿಸಲಾರೆ. ಈ ಚಿತ್ರವನ್ನು ಬಿಡುಗಡೆಯಾದ ಮೇಲೆ ಕತ್ತರಿಸಿದರು, 1970ರ ಆಸುಪಾಸಿನಲ್ಲಿ ಇನ್ನಷ್ಟು ಕತ್ತರಿಸಿದರು. ರಾಬರ್ಟ್ ಹ್ಯಾರಿಸ್ ಮತ್ತು ಜೊತೆಯವರು ತುಂಡುಗಳನ್ನು ಹುಡುಕಿ ಕೂಡಿಸಿ 1989ರಲ್ಲಿ ಮತ್ತೆ ತೆರೆಗೆ ತಂದರು. ಕೆಲವು ತುಂಡುಗಳಿಗೆ ದನಿಯೇ ಇರಲಿಲ್ಲ. ಒ’ಟೂಲ್ ಕಾಲು ಶತಮಾನದ ನಂತರ ಮೈಕ್ ಮುಂದೆ ನಿಂತು ಹರೆಯದ ತಮಗೆ ತಾವೇ ದನಿ ಕೊಟ್ಟರು. ಅಲೆನ್‌ಬಿ ಆಗಿದ್ದ ಜ್ಯಾಕ್ ಹಾಕಿನ್ಸ್ ತೀರಿಕೊಂಡಿದ್ದರು, ಅವರ ಬದಲು ಇನ್ನೊಬ್ಬ ನಟ ಮಾತಾಡಿದರು. ನಿರ್ದೇಶಕ ಡೇವಿಡ್ ಲೀನ್, ಆ್ಯನ್ ಕೋಟ್ಸ್ ಇಬ್ಬರೂ ಮತ್ತೆ ಬಂದು ಕೂತರು. ಇವರು ಆ ಕೆಲಸ ಮಾಡದಿದ್ದರೆ ಆ ರಾತ್ರಿ ನಮಗೆ ಸಿಗುತ್ತಿದ್ದದ್ದು ಕತ್ತರಿಸಿದ ಚಿತ್ರ.

ಭಾನುವಾರ ಹುಡುಗನೂ ಬಂದಿದ್ದ. ಗಾಸಿಮ್ ದೃಶ್ಯ ಹತ್ತಿರ ಬಂದಾಗ ರಿಮೋಟಿಗೆ ಕೈ ಹಾಕಿದ. ಇರಲಿ ಬಿಡೋ ಅಂದೆ. ಇಬ್ಬರೂ ನೋಡಿದೆವು.

ಗಾಡಿ ಓಡಿಸಲು ನನಗೆ ಇನ್ನೂ ಬಿಟ್ಟಿಲ್ಲ. ಮುಂದಿನ ಭಾನುವಾರ ಇವನ ಬೈಕಿನಲ್ಲಿ ಜೆ.ಸಿ. ನಗರಕ್ಕೆ ಹೋಗುವುದು ಅಂತ ಮಾತಾಗಿದೆ. ಬರುವವರು ಬೆಳಗ್ಗೆ ಎಂಟಕ್ಕೆ ನೇರ ಅಲ್ಲಿಗೇ ಬನ್ನಿ. ಆಮೇಲೆ ತಿಂಡಿ ನನ್ನ ಖರ್ಚು.